ನಕ್ಷತ್ರ ಕೋಟೆಯ ಕೆಳಗಿನ ಊರುಗಳು

ಸಕಲೇಶಪುರದ ಪೇಟೆ ದಾಟಿ ಮಂಗಳೂರಿನ ದಿಕ್ಕಿಗೆ ಹೊರಟರೆ ಐದಾರು ಕಿಲೋಮೀಟರಿನಲ್ಲಿ ದೋಣಿಗಾಲಿನ ಹತ್ತಿರ ಮಂಜರಾಬಾದ್ ಕೋಟೆಯ ಗುಡ್ಡ ಸಿಗುತ್ತದೆ. ಶನಿವಾರ, ಭಾನುವಾರ ಹೆದ್ದಾರಿಯ ಬದಿಯಲ್ಲಿ ಕಾರು, ಬೈಕುಗಳ ಸಾಲು. ಬರುವವರಲ್ಲಿ ಹೆಚ್ಚಿನವರು ಕೋಟೆಯನ್ನು ಮೊದಲೇ ಫೋನಿನಲ್ಲಿ ನೋಡಿರುತ್ತಾರೆ. ಡ್ರೋನ್ ಮೇಲಿನಿಂದ ತೆಗೆದ ಚಿತ್ರ ಅದು: ಹಸಿರಿನ ನಡುವೆ ಎಂಟು ಮೊನೆಯ ಕಲ್ಲಿನ ನಕ್ಷತ್ರ. ಮೆಟ್ಟಿಲು ಹತ್ತಿ ಒಳಗೆ ಹೋದ ಮೇಲೆ ಆ ನಕ್ಷತ್ರ ಎಲ್ಲೂ ಕಾಣುವುದಿಲ್ಲ. ಕಾಣುವುದು ಓರೆಯಾಗಿ ತಿರುಗುತ್ತ ಹೋಗುವ ಗೋಡೆ, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೊಳ, ತಣ್ಣಗಿರುವ ಮದ್ದಿನ ಕೋಣೆ, ಗೋಡೆಯ ಉದ್ದಕ್ಕೂ ಬಂದೂಕಿನ ಕಿಂಡಿಗಳು.

1792ರ ಹೊತ್ತಿಗೆ ಟಿಪ್ಪು ಸುಲ್ತಾನ ಮುಗಿಸಿದ ಕೋಟೆ ಇದು. ಫ್ರಾನ್ಸಿನ ವೋಬಾನ್ ಎಂಬ ಸೇನಾ ಎಂಜಿನಿಯರ್ 17ನೇ ಶತಮಾನದಲ್ಲಿ ಬಳಕೆಗೆ ತಂದ ಮಾದರಿಯಲ್ಲಿದೆ. ಚೌಕಾಕಾರದ ಅಥವಾ ದುಂಡಗಿನ ಕೋಟೆಯಾದರೆ ಗೋಡೆಯ ಬುಡಕ್ಕೆ ಬಂದು ನಿಂತವನನ್ನು ಒಳಗಿನವರು ನೋಡುವುದು ಕಷ್ಟ. ನಕ್ಷತ್ರದ ಆಕಾರದಲ್ಲಿ ಒಂದು ಮೊನೆಯಲ್ಲಿ ನಿಂತ ಸಿಪಾಯಿಗೆ ಪಕ್ಕದ ಮೊನೆಯ ಬುಡ ಕಾಣುತ್ತದೆ. ಹೀಗೆ ಒಂದೊಂದು ಗೋಡೆಯೂ ಇನ್ನೊಂದರ ಕಣ್ಣಳತೆಯಲ್ಲಿ ಇರುತ್ತದೆ, ಕೋವಿಗೆ ಎಟುಕದ ಜಾಗ ಉಳಿಯುವುದಿಲ್ಲ. ಸಮುದ್ರಮಟ್ಟದಿಂದ 3,200 ಅಡಿಗಿಂತ ಎತ್ತರದಲ್ಲಿ ಇಂಥ ಕೋಟೆ ಕಟ್ಟಿದ್ದು ಕರಾವಳಿಯಿಂದ ಮೈಸೂರಿನ ಕಡೆ ಬರುವ ದಾರಿಯ ಮೇಲೆ ಕಣ್ಣಿಡುವುದಕ್ಕೆ. ಆ ದಾರಿಯ ಎರಡೂ ಬದಿಯಲ್ಲಿ ಊರುಗಳಿದ್ದವು. ಗದ್ದೆ, ಏಲಕ್ಕಿ ಮಲೆ, ಬಿದಿರುಮೆಳೆ, ಕೊಟ್ಟಿಗೆ, ಮಕ್ಕಳು ಮರಿ ಎಲ್ಲ ಇದ್ದವು. ಕೋಟೆಯ ಕಿಂಡಿಯಿಂದ ಕೆಳಗೆ ನೋಡಿದರೆ ಏನು ಕಾಣುತ್ತಿತ್ತು ಎಂಬುದನ್ನು ನಮ್ಮ ಇತಿಹಾಸದ ಪುಸ್ತಕಗಳು ಹೇಳುತ್ತವೆ. ಕೆಳಗಿನ ಜಗಲಿಯಲ್ಲಿ ಕೂತು ಮೇಲೆ ನೋಡಿದವರಿಗೆ ಏನು ಕಾಣುತ್ತಿತ್ತು ಎಂಬುದನ್ನು ಯಾರೂ ಹೇಳಿಲ್ಲ. ಅದನ್ನು ಹೇಳುವುದಕ್ಕೆ ಈ ಕಾಲದಲ್ಲಿ ಒಂದು ಒಳ್ಳೆಯ ದಾರಿ ಇದೆ, ಅದು ಕಾಮಿಕ್ಸ್ ಎಂಬುದು ನನ್ನ ವಾದ.

ಕಾಮಿಕ್ಸ್ ಎಂದರೆ ಮಕ್ಕಳ ಓದು ಎಂದು ಪುಟ ತಿರುವಬೇಡಿ. ಮೊದಲು ಬಲಂ ಸೀಮೆಯ ಕಥೆ ಕೇಳಿ.

ಇಂದಿನ ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಟ್ಟಸಾಲು ಮತ್ತು ಅಕ್ಕಪಕ್ಕದ ನಾಡುಗಳು ಸೇರಿದ ಸೀಮೆಗೆ ಬಲಂ ಎಂದು ಹೆಸರು. ವಿಜಯನಗರದ ಕಾಲದಿಂದ ನಾಯಕ ಮನೆತನವೊಂದು ಇಲ್ಲಿ ಆಳಿಕೊಂಡು ಬಂದಿತ್ತು. ಮುಂದೆ ಅವರನ್ನು ಐಗೂರು ಪಾಳೇಗಾರರೆಂದು ಕರೆದರು. ಆಲೂರು ಕಡೆಯ ಮಹಾರಾಜನದುರ್ಗ, ಸಕಲೇಶಪುರದ ಆಚೆಯ ಐಗೂರು, ಇವು ಆ ಮನೆತನದ ನೆನಪಿನ ಜಾಗಗಳು. ಒಂದು ಕಡೆ ಬಿದನೂರು, ಇನ್ನೊಂದು ಕಡೆ ಮೈಸೂರು, ಕೆಳಗೆ ಕೊಡಗು. ಎಲ್ಲರ ದಂಡೂ ಇಲ್ಲಿಂದಲೇ ಹಾದುಹೋಗಬೇಕು. ಟಿಪ್ಪುವಿಗೂ ಇಂಗ್ಲಿಷರಿಗೂ ಮೂರನೇ ಯುದ್ಧ ನಡೆದಾಗ ಬಲಂನ ಕೃಷ್ಣಪ್ಪ ನಾಯಕ ಮರಾಠರ ಪರಶುರಾಮ ಭಾವುವಿನ ಸೈನ್ಯವನ್ನು ಕೂಡಿಕೊಂಡ. 1792ರಲ್ಲಿ ಒಪ್ಪಂದ ಆಗುತ್ತಲೇ ಟಿಪ್ಪುವಿಗೆ ಹೆದರಿ ಕೊಡಗಿಗೆ ಓಡಿದ. ಟಿಪ್ಪು ಅವನನ್ನು ಕರೆಸಿ ಐಗೂರು ಸೀಮೆಯನ್ನು ಮಾತ್ರ ಬಿಟ್ಟುಕೊಟ್ಟು ಉಳಿದ ಬಲಂ ಅನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡ. ಗುಡ್ಡದ ಮೇಲೆ ಕೋಟೆ ಎದ್ದದ್ದು ಇದೇ ಹೊತ್ತಿನಲ್ಲಿ.

ಆ ಯುದ್ಧದ ಇನ್ನೊಂದು ಗಾಯ ನಮಗೆ ಚೆನ್ನಾಗಿ ಗೊತ್ತು. 1791ರಲ್ಲಿ ಪರಶುರಾಮ ಭಾವುವಿನ ದಂಡಿನ ಕುದುರೆ ಸವಾರರು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದರು. ಆಗ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಕಾಗದಗಳು ಮಠದಲ್ಲಿ ಉಳಿದಿದ್ದವು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವನ್ನು ಬೆಳಕಿಗೆ ತಂದರು. ಮಠಕ್ಕೆ ಕರಣಿಕರಿದ್ದರು, ಕಡತದ ಪೆಟ್ಟಿಗೆ ಇತ್ತು, ಬರೆದ ಕಾಗದವನ್ನು ಕಾಪಾಡುವ ರೂಢಿ ಇತ್ತು. ಅದೇ ದಂಡು ಮಲೆನಾಡಿನ ಬೇರೆ ದಾರಿಗಳಲ್ಲಿ ಹೋದಾಗ ಒಬ್ಬ ರೈತನ ಪಣತದಿಂದ ಎಷ್ಟು ಭತ್ತ ಹೋಯಿತು, ಯಾವ ಹೆಂಗಸು ಎರಡು ರಾತ್ರಿ ಕಾಡಿನಲ್ಲಿ ಕಳೆದಳು ಎಂಬುದನ್ನು ಬರೆದಿಡುವ ಕೈ ಇರಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮೈಸೂರಿಗೆ ಒಡೆಯರು ಮರಳಿ ಬಂದರು, ಪೂರ್ಣಯ್ಯ ದಿವಾನರಾದರು, ಮೈಸೂರಿನ ಸೇನಾಧಿಕಾರ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಗೆ ಹೋಯಿತು. ಮುಂದೆ 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನ ವಿರುದ್ಧ ಗೆದ್ದು ವೆಲಿಂಗ್ಟನ್ನಿನ ಡ್ಯೂಕ್ ಎಂದು ಲೋಕಕ್ಕೆಲ್ಲ ಗೊತ್ತಾದವನು ಇವನೇ. ಬಲಂನ ದೊರೆ ಹೊಸ ಏರ್ಪಾಡಿಗೆ ತಲೆಬಾಗಲಿಲ್ಲ. ಬಿಸಲೆ ಘಾಟಿ ಕಟ್ಟಿಹೋದರೆ ಕನ್ನಡ ಜಿಲ್ಲೆಯ ಕರಾವಳಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಓಡಾಟಕ್ಕೇ ಕುತ್ತು. 1800ರ ಏಪ್ರಿಲ್‌ನಲ್ಲಿ ಕಾಡಿನ ನಡುವೆ ದೊರೆಯ ನೆಲೆಯಾಗಿದ್ದ ಅರೆಕೆರೆಯ ಮೇಲೆ ಇಂಗ್ಲಿಷ್ ಪಡೆಯ ದಾಳಿ ನಡೆಯಿತು. ಇಂಗ್ಲಿಷ್ ಕಾಗದಗಳಲ್ಲಿ ಈ ಊರು ‘ಅರಕೇರಿ’. ಮೊದಲ ದಾಳಿ ಸೋತಿತು. ತಿಂಗಳ ಕೊನೆಗೆ ಮಾಂಟ್ರೆಸರ್ ಎಂಬ ಅಧಿಕಾರಿ ದೊಡ್ಡ ಪಡೆ ತಂದು ಅದನ್ನು ಗೆದ್ದ. ಅಷ್ಟರಲ್ಲಿ ಮಳೆಗಾಲ ಹತ್ತಿರ ಬಂತು. ವೆಲ್ಲೆಸ್ಲಿಗೆ ಅತ್ತ ಉತ್ತರದಲ್ಲಿ ಬಂಡೆದ್ದಿದ್ದ ಧೋಂಡಿಯಾ ವಾಘನ ಬೆನ್ನಟ್ಟುವ ಕೆಲಸ ಬಿತ್ತು; ಆ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ. ಈ ನಡುವೆ ಬಲಂನ ಕಾಡು ಮತ್ತೆ ದೊರೆಯ ಕೈಗೆ ಬಂತು.

ವೆಲ್ಲೆಸ್ಲಿ ತಾನೇ ಬಲಂಗೆ ಬಂದದ್ದು 1802ರ ಜನವರಿಯಲ್ಲಿ. ಪೂರ್ಣಯ್ಯನವರೂ ಮೈಸೂರಿನ ಕುದುರೆ ದಂಡೂ ಜೊತೆಗಿದ್ದರು. ಸೈನ್ಯವನ್ನು ಮೂರು ಪಾಲು ಮಾಡಿ ಜನವರಿ 16ರಂದು ಅರೆಕೆರೆಯನ್ನು ಮೂರು ಕಡೆಯಿಂದ ಹೊಕ್ಕ. ದೊರೆ ತಪ್ಪಿಸಿಕೊಂಡು ಕಾಡು ಸೇರಿದ. ಆಮೇಲಿನ ವಾರಗಳಲ್ಲಿ ನಡೆದದ್ದು ಕಾದಾಟ ಎನ್ನುವುದಕ್ಕಿಂತ ಊರುಗಳನ್ನು ಬಗ್ಗಿಸುವ ಕೆಲಸ. ಕಾಡಿನ ನಡುವೆ ದಾರಿ ಕಡಿಸಿದರು. ಊರ ಸುತ್ತಲಿನ ಬೇಲಿ, ಕಾವಲು ಕಟ್ಟುಗಳನ್ನು ಕೆಡವಿಸಿದರು. ಜನರ ಕೈಯಲ್ಲಿದ್ದ ಆಯುಧಗಳನ್ನು ಕಿತ್ತುಕೊಂಡರು. ಕುದುರೆ ಸವಾರರು ಕಾಡಿನ ಅಂಚಿನಲ್ಲಿ ಕಾದು ನಿಂತರು. ಫೆಬ್ರುವರಿ ಎರಡನೇ ವಾರದಲ್ಲಿ ದೊರೆ ಸಿಕ್ಕಿಬಿದ್ದ. ಕೆಲವು ಸಂಗಡಿಗರೊಡನೆ ಅವನನ್ನು ನೇಣಿಗೆ ಹಾಕಿದರು.

ನೇಣಿಗೇರಿದ ಆ ದೊರೆಯ ಹೆಸರು ಕೂಡ ದಾಖಲೆಗಳಲ್ಲಿ ಒಂದಾಗಿ ಇಲ್ಲ. ಇಂಗ್ಲಿಷ್ ಸೇನೆಯ ಕಾಗದಗಳಲ್ಲಿ ಅವನು ಕೃಷ್ಣಪ್ಪ ನಾಯಕ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಅವನು ಕೃಷ್ಣಪ್ಪನ ಮಗ ವೆಂಕಟಾದ್ರಿ ನಾಯಕ. ದೊರೆಯ ಪಾಡೇ ಹೀಗಾದರೆ ಪ್ರಜೆಗಳ ಪಾಡು ಕೇಳುವುದೇ ಬೇಡ. ವೆಲ್ಲೆಸ್ಲಿಯ ಕಾಗದಗಳನ್ನು 1830ರ ದಶಕದಲ್ಲಿ ಗರ್ವುಡ್ ಎಂಬ ಅಧಿಕಾರಿ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ. ಬಲಂನ ದಂಡಯಾತ್ರೆಯ ಬಗ್ಗೆ ನಮಗೆ ತಿಳಿದಿರುವುದರ ಬಹುಪಾಲು ಅಲ್ಲಿಂದ ಬಂದದ್ದು. ಅಕ್ಕಿ, ಎತ್ತು, ದಾರಿ, ಮಳೆ ಬರುವುದರೊಳಗೆ ಮುಗಿಸಬೇಕಾದ ಕೆಲಸ, ಇವೆಲ್ಲದರ ಲೆಕ್ಕ ಅವುಗಳಲ್ಲಿದೆ. ಬರೆದವನು ಜಾಣ, ಕಣ್ಣು ಚುರುಕು. ಆದರೆ ಅದು ಗೆಲ್ಲಲು ಬಂದವನ ಕಣ್ಣು. ಕಡಿದ ದಾರಿಯ ಸುದ್ದಿ ಬರುತ್ತದೆ; ಯಾರ ಹಿತ್ತಿಲಿನ ಮೇಲೆ ಆ ದಾರಿ ಹೋಯಿತು ಎಂಬುದು ಬರುವುದಿಲ್ಲ.

ಇನ್ನು ಕಾಮಿಕ್ಸ್ ವಿಷಯ.

ಕಾಮಿಕ್ಸ್‌ನಲ್ಲೇ ವರದಿ ಬರೆಯುವ ಪತ್ರಕರ್ತ ಜೋ ಸಾಕೊ ಹುಟ್ಟಿದ್ದು 1960ರಲ್ಲಿ, ಮಾಲ್ಟಾ ದ್ವೀಪದಲ್ಲಿ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿದರು. 1991ರ ಕೊನೆಗೆ ಮತ್ತು 1992ರ ಶುರುವಿನಲ್ಲಿ ಇಸ್ರೇಲಿನ ಸೇನೆಯ ಹಿಡಿತದಲ್ಲಿದ್ದ ಪಶ್ಚಿಮ ದಂಡೆ ಮತ್ತು ಗಾಜಾದಲ್ಲಿ ಓಡಾಡಿ ಜನರನ್ನು ಮಾತಾಡಿಸಿ, ಆ ಮಾತುಕತೆಯನ್ನೆಲ್ಲ ಕಾಮಿಕ್ಸ್ ಆಗಿ ಬರೆದರು. ‘ಪ್ಯಾಲೆಸ್ಟೈನ್’ ಹೆಸರಿನಲ್ಲಿ 1993ರಿಂದ ಒಂಬತ್ತು ಸಂಚಿಕೆ ಬಂತು, 1996ರಲ್ಲಿ ಅಮೆರಿಕನ್ ಬುಕ್ ಅವಾರ್ಡ್ ಸಿಕ್ಕಿತು. ಒಟ್ಟು ಸೇರಿಸಿದ ಪುಸ್ತಕಕ್ಕೆ ಎಡ್ವರ್ಡ್ ಸಯೀದ್ ಮುನ್ನುಡಿ ಬರೆದರು. ಬೋಸ್ನಿಯಾದ ಮುತ್ತಿಗೆಯಲ್ಲಿ ಸಿಲುಕಿದ ಗೊರಾಜ್ದೆ ಪಟ್ಟಣದ ಬಗ್ಗೆ 2000ದಲ್ಲಿ ಇನ್ನೊಂದು ಪುಸ್ತಕ ಬಂತು. ಇಂಡಿಯಾಕ್ಕೂ ಬಂದಿದ್ದಾರೆ. ಉತ್ತರ ಪ್ರದೇಶದ ಕುಶೀನಗರದ ದಲಿತರ ಹಸಿವಿನ ಬಗ್ಗೆ, ಮುಂದೆ 2013ರ ಮುಜಫ್ಫರನಗರದ ಗಲಭೆಯ ಬಗ್ಗೆ ಕೆಲಸ ಮಾಡಿದ್ದಾರೆ.

ಇವರ ಒಂದು ಪುಟವನ್ನು ಹತ್ತಿರದಿಂದ ನೋಡೋಣ. ‘ಪ್ಯಾಲೆಸ್ಟೈನ್’ ಪುಸ್ತಕದಲ್ಲಿ ಒಬ್ಬ ಸಾಮಾನ್ಯ ಮನುಷ್ಯನನ್ನು ಮನೆಯಿಂದ ಎಳೆದೊಯ್ದು ದಿನಗಟ್ಟಲೆ ವಿಚಾರಣೆ ಮಾಡುವ ಅಧ್ಯಾಯವಿದೆ. ಶುರುವಿನಲ್ಲಿ ಪುಟಕ್ಕೆ ಕೆಲವೇ ಚೌಕಟ್ಟು, ದೊಡ್ಡ ದೊಡ್ಡವು, ಒಳಗೆ ಮನೆ, ಹೆಂಡತಿ, ಮಗಳು. ಅವನ ತಲೆಗೆ ಚೀಲ ಹಾಕಿ ಕುರ್ಚಿಗೆ ಕಟ್ಟಿದ ಮೇಲೆ ಚೌಕಟ್ಟುಗಳು ಚಿಕ್ಕದಾಗುತ್ತ, ಲೆಕ್ಕದಲ್ಲಿ ಹೆಚ್ಚುತ್ತ ಹೋಗುತ್ತವೆ. ಪುಟದ ತುಂಬ ಇಕ್ಕಟ್ಟಾದ ಸಣ್ಣ ಸಣ್ಣ ಚೌಕ, ಪ್ರತಿಯೊಂದರಲ್ಲೂ ಅದೇ ಗೋಡೆ, ಅದೇ ಚೀಲ, ಅದೇ ಮನುಷ್ಯ. ಓದುವವನಿಗೆ ಉಸಿರುಕಟ್ಟುತ್ತದೆ. ಕೊನೆಗೆ ಸಾಕ್ಷ್ಯವಿಲ್ಲವೆಂದು ಬಿಟ್ಟಾಗ ಅವನು ಜನ ಓಡಾಡುವ ಬೀದಿಗೆ ಬಂದು ನಿಲ್ಲುತ್ತಾನೆ, ಚೌಕಟ್ಟು ಮತ್ತೆ ಅಗಲವಾಗುತ್ತದೆ. ಹಿಂಸೆಯ ಬಗ್ಗೆ ಒಂದು ವಿಶೇಷಣವನ್ನೂ ಹಾಕದೆ, ಕಾಗದದ ಮೇಲಿನ ಜಾಗವನ್ನು ಕಿರಿದು ಮಾಡಿಯೇ ಕೋಣೆಯ ಹೊತ್ತನ್ನು ಓದುಗನ ಮೈಗೆ ತಾಗಿಸುವ ವಿದ್ಯೆ ಇದು. ಬರಿಯ ಗದ್ಯಕ್ಕೆ ಇದು ಕಷ್ಟ. ಕ್ಯಾಮೆರಾಕ್ಕಂತೂ ಆ ಕೋಣೆಯೊಳಗೆ ಪ್ರವೇಶವೇ ಇಲ್ಲ.

ಅದೇ ಪುಸ್ತಕದಲ್ಲಿ ಸೈನಿಕರ ಒತ್ತಾಯಕ್ಕೆ ತನ್ನ ಆಲಿವ್ ಮರಗಳನ್ನು ತಾನೇ ಕಡಿದ ರೈತನೊಬ್ಬ ಬರುತ್ತಾನೆ. ಮಗನನ್ನೇ ಕೊಂದಂತೆ ಆಯಿತು ಎಂಬ ಅರ್ಥದಲ್ಲಿ ಅವನು ಮಾತಾಡುತ್ತಾನೆ. ಸಾಕೊ ಆ ಮಾತನ್ನು ಕೇಳಿ ಬರೆದುಕೊಂಡು ಸುಮ್ಮನಾಗುವುದಿಲ್ಲ. ಕೊಡಲಿ ಹಿಡಿದ ಆ ಕೈಯನ್ನು, ನಿಂತು ನೋಡುತ್ತಿರುವ ಮನೆಯವರನ್ನು ಚಿತ್ರದಲ್ಲಿ ತರುತ್ತಾರೆ. ಜೊತೆಗೆ ದುಂಡು ಕನ್ನಡಕ ಹಾಕಿದ ತಮ್ಮನ್ನೂ, ಮಾತು ತಿಳಿಸಿಕೊಡುವ ದುಭಾಷಿಯನ್ನೂ ಚಿತ್ರದೊಳಗೆ ಕೂರಿಸುತ್ತಾರೆ. ಯಾರು ಕೇಳಿದರು, ಯಾರ ಮೂಲಕ ಕೇಳಿದರು, ಆಗ ಟೀ ಯಾರು ತಂದುಕೊಟ್ಟರು ಎಂಬುದೆಲ್ಲ ಓದುಗನ ಕಣ್ಣೆದುರಿಗೇ ಇರುತ್ತದೆ. ಪತ್ರಿಕೆಯ ವರದಿಯಲ್ಲಿ ವರದಿಗಾರ ಮರೆಯಾಗಿರುವುದೇ ನಿಯಮ. ಇಲ್ಲಿ ಅವನು ಎದುರಿಗೇ ಸಿಗುವುದರಿಂದ ಎಷ್ಟು ನಂಬಬೇಕು ಎಂಬುದನ್ನು ನಾವೇ ತೂಗಿ ನೋಡಬಹುದು.

ಬಲಂಗೆ ಹೆಚ್ಚು ಹತ್ತಿರದ ಪುಸ್ತಕವೆಂದರೆ 2009ರ ‘ಫುಟ್‌ನೋಟ್ಸ್ ಇನ್ ಗಾಜಾ’. 1956ರ ನವೆಂಬರಿನಲ್ಲಿ ಸೂಯೆಜ್ ಯುದ್ಧದ ಹೊತ್ತಿಗೆ ಖಾನ್ ಯೂನಿಸ್ ಮತ್ತು ರಫಾ ಊರುಗಳಲ್ಲಿ ಇಸ್ರೇಲಿ ಸೈನಿಕರ ಗುಂಡಿಗೆ ನೂರಾರು ನಾಗರಿಕರು ಸತ್ತರು. ವಿಶ್ವಸಂಸ್ಥೆಯ ವರದಿಯಲ್ಲಿ ಕೆಲವೇ ಸಾಲುಗಳಲ್ಲಿ ಇದ್ದ ಸಂಗತಿ ಅದು. ಸುಮಾರು ಐವತ್ತು ವರ್ಷಗಳ ನಂತರ ಸಾಕೊ ಅಲ್ಲಿಗೆ ಹೋಗಿ ಮುದುಕರು, ಮುದುಕಿಯರನ್ನು ಹುಡುಕಿ ಮಾತಾಡಿಸಿದರು. ಒಬ್ಬರು ಹೇಳಿದ್ದು ಇನ್ನೊಬ್ಬರ ಮಾತಿಗೆ ಕೂಡುವುದಿಲ್ಲ. ಒಂದೇ ಸಾವಿನ ಹೊತ್ತಿಗೆ ತಾನು ಅಲ್ಲಿದ್ದೆ ಎಂದು ಒಬ್ಬ, ನೀನು ಅಲ್ಲಿರಲೇ ಇಲ್ಲ ಎಂದು ಇನ್ನೊಬ್ಬ. ಆ ತಕರಾರನ್ನು ಸಾಕೊ ಮುಚ್ಚಿಡಲಿಲ್ಲ, ಅದಕ್ಕೂ ಪುಟ ಕೊಟ್ಟರು. ಐವತ್ತರ ದಶಕದ ನಿರಾಶ್ರಿತರ ಶಿಬಿರದ ಮನೆಗಳು ಹೇಗಿದ್ದವು ಎಂಬುದಕ್ಕೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಲ್ಲಿದ್ದ ಹಳೆಯ ಫೋಟೊಗಳನ್ನು ನೋಡಿಕೊಂಡರು. ಆದ್ದರಿಂದ ಅವರು ಕಟ್ಟಿದ 1956, ಬರಿಯ ಕಲ್ಪನೆಯಾಗಿ ಉಳಿಯದೆ ಪ್ರಶ್ನೆ ಕೇಳಿಸಿಕೊಂಡ, ಪರೀಕ್ಷೆಗೆ ನಿಂತ ಚಿತ್ರವಾಯಿತು.

ಬಲಂನ 1802ಕ್ಕೆ ಸಾಕ್ಷಿ ಹೇಳುವ ಅಜ್ಜ, ಅಜ್ಜಿ ಯಾರೂ ಬದುಕಿಲ್ಲ, ಎರಡು ಶತಮಾನ ಕಳೆದಿದೆ. ಆದರೂ ಪರೀಕ್ಷೆಗೆ ನಿಲ್ಲಬಲ್ಲ ಚಿತ್ರ ಕಟ್ಟುವಷ್ಟು ಸಾಮಗ್ರಿ ಇದೆ. ಕಾಲಮಾನವನ್ನೇ ತೆಗೆದುಕೊಳ್ಳಿ. ಸೇನಾಪತಿ ಜನವರಿಯನ್ನು ಯಾಕೆ ಆರಿಸಿಕೊಂಡ? ಮಳೆ ನಿಂತಿರುತ್ತದೆ, ಹಳ್ಳ ಇಳಿದಿರುತ್ತದೆ, ಜಿಗಣೆ ಇರುವುದಿಲ್ಲ, ಫಿರಂಗಿ ಎಳೆಯುವ ಎತ್ತಿನ ಕಾಲು ಹೂತುಹೋಗುವುದಿಲ್ಲ. ಮಲೆನಾಡಿನ ಒಕ್ಕಲಿಗೆ ಅದೇ ಜನವರಿ ಏನು? ಕೊಯ್ಲು ಮುಗಿದು ಕಣ ಮಾಡುವ ಕಾಲ. ಹುಲ್ಲಿನ ಬಣವೆ ಒಟ್ಟಿರುತ್ತದೆ, ಭತ್ತ ಒಕ್ಕುತ್ತಿರುತ್ತಾರೆ, ವರ್ಷದ ಅನ್ನ ಇನ್ನೂ ಪಣತಕ್ಕೆ ಸೇರಿರುತ್ತದೋ ಇಲ್ಲವೋ. ಎರಡು ಪಂಚಾಂಗಗಳೂ ಒಂದೇ ತಿಂಗಳಿನ ಮೇಲೆ ಬಂದು ಕೂತವು. ಗರ್ವುಡ್ ಸಂಪುಟದಲ್ಲಿ ತಾರೀಕು ನೋಡಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಕಣ. ಒಂದು ಪುಟದಲ್ಲಿ ಎಡಕ್ಕೆ ಸೇನೆಯ ಮೂರು ಸಾಲು ಕಾಡು ಹೊಗುತ್ತಿರುವುದು, ಬಲಕ್ಕೆ ಅದೇ ಬೆಳಗ್ಗೆ ಮೇಟಿಯ ಸುತ್ತ ತುಳಿಯುತ್ತಿರುವ ಎತ್ತು. ಚಿತ್ರಕಾರ ಇದನ್ನು ಅರ್ಧ ಗಂಟೆಯಲ್ಲಿ ಗೀಚಿ ತೋರಿಸಬಹುದು.

ಆಯುಧ ಕಿತ್ತುಕೊಂಡದ್ದನ್ನೂ ಹೀಗೆಯೇ ನೋಡಬೇಕು. ಸೇನೆಯ ಲೆಕ್ಕದಲ್ಲಿ ಕೋವಿ ಎಂದರೆ ದಂಗೆ. ಕಾಡಂಚಿನ ಒಕ್ಕಲಿಗೆ ಕೋವಿ ಎಂದರೆ ಹಂದಿ ಕಾಯುವ ರಾತ್ರಿ. ಇವತ್ತಿಗೂ ಆಲೂರು, ಸಕಲೇಶಪುರದ ಊರುಗಳಲ್ಲಿ ಸಂಜೆ ಮೇಲೆ ಆನೆ ಎಲ್ಲಿದೆ ಎಂದು ಫೋನಿನಲ್ಲಿ ವಿಚಾರಿಸಿಕೊಂಡೇ ಹೊರಗೆ ಹೊರಡುತ್ತಾರೆ. ಬೇಲಿ ಕೆಡವಿ, ಕೋವಿ ಕಸಿದು, ಊರಿನ ನಡುವೆ ಅಗಲದ ದಾರಿ ಕಡಿದರೆ ಸೈನ್ಯಕ್ಕೆ ಕಾಡು ತೆರೆದುಕೊಳ್ಳುತ್ತದೆ. ಗದ್ದೆ ಮಾತ್ರ ಹಂದಿಗೂ ಆನೆಗೂ ತೆರೆದುಕೊಳ್ಳುತ್ತದೆ. ಯುದ್ಧದ ಇತಿಹಾಸ ಬರೆಯುವವರು ಫೆಬ್ರುವರಿಯ ನೇಣಿಗೆ ಪುಸ್ತಕ ಮುಚ್ಚುತ್ತಾರೆ. ಚಿತ್ರವರದಿಗಾರ ಆ ವರ್ಷದ ಶ್ರಾವಣದವರೆಗೆ, ಮುಂದಿನ ಪೈರಿನವರೆಗೆ ಊರಿನಲ್ಲೇ ಇರಬೇಕು.

ಇನ್ನೊಂದು ಎಚ್ಚರ ಬೇಕು. ನೇಣಿಗೆ ಹೋದ ನಾಯಕನನ್ನು ಕುದುರೆ ಮೇಲೆ ಕೂರಿಸಿ, ಕತ್ತಿ ಕೊಟ್ಟು, ಸ್ವಾತಂತ್ರ್ಯವೀರ ಎಂದು ಬರೆದುಬಿಡುವುದು ಸುಲಭ. ಅವನ ಎದೆಗಾರಿಕೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಬಲಂ ಎಂಬುದು ಎಲ್ಲರಿಗೂ ಒಂದೇ ಬಲಂ ಆಗಿರಲಿಲ್ಲ. ಮಂಜರಾಬಾದಿನ ಕಡೆ ದಲಿತ ಕುಟುಂಬಗಳ ಜೀತದಾಳುಗಳಲ್ಲಿ ಹುಟ್ಟಾಳು, ಮಣ್ಣಾಳು ಎಂಬ ಎರಡು ಬಗೆ ಇದ್ದವು ಎಂದು 19ನೇ ಶತಮಾನದ ಮೈಸೂರು ಸರ್ಕಾರದ ಬರಹಗಳಲ್ಲೇ ಇದೆ. ಒಬ್ಬರು ಒಡೆಯನ ಮನೆಗೆ ಹುಟ್ಟಿನಿಂದ ಕಟ್ಟುಬಿದ್ದವರು, ಇನ್ನೊಬ್ಬರು ಮಣ್ಣಿಗೆ ಕಟ್ಟುಬಿದ್ದವರು, ಜಮೀನು ಕೈ ಬದಲಾದರೆ ಅದರ ಜೊತೆಗೆ ಹೋಗುವವರು. ದಂಡು ಬಂದಾಗ ಪಟೇಲರ ಮನೆಯವರು ಒಡವೆ ಕಟ್ಟಿಕೊಂಡು ಕಾಡಿಗೆ ಹೋದರೆ, ಮನೆ ಕಾಯಲು ಉಳಿದವರು ಯಾರು? ದಾರಿ ಕಡಿಯಲು ಬಿಟ್ಟಿ ಆಳು ಕೇಳಿದಾಗ ಯಾರನ್ನು ಕಳಿಸಿದರು? ಟಿಪ್ಪುವಿನ ಕಿಲ್ಲೇದಾರ, ಐಗೂರಿನ ನಾಯಕ, ಕಂಪನಿಯ ಕರ್ನಲ್, ಪೂರ್ಣಯ್ಯನವರ ಅಮಲ್ದಾರ, ಹೀಗೆ ಹತ್ತು ವರ್ಷದಲ್ಲಿ ನಾಲ್ಕು ಅಧಿಕಾರ ಆ ಮಣ್ಣಿನ ಮೇಲೆ ಬಂದು ಹೋಯಿತು. ಮಣ್ಣಾಳಿಗೆ ಅದರಲ್ಲಿ ಯಾವುದು ಆಕ್ರಮಣ, ಯಾವುದು ಬಿಡುಗಡೆ? ಸಾಕೊ ಅವರಂಥ ವರದಿಗಾರ ಬಲಂಗೆ ಬಂದಿದ್ದರೆ ಮೊದಲು ಹೋಗುತ್ತಿದ್ದದ್ದು ಊರಾಚೆಯ ಆ ಗುಡಿಸಲುಗಳಿಗೆ ಎಂದು ನಾನು ನಂಬುತ್ತೇನೆ.

ಟಿಪ್ಪುವಿನ ಹೆಸರು ಬಂದರೆ ಸಾಕು, ನಮ್ಮಲ್ಲಿ ಎರಡು ಗುಂಪು ಎದ್ದು ನಿಲ್ಲುತ್ತದೆ. ಬಲಂನ ಕಥೆ ಈ ಜಗಳಕ್ಕೆ ಮೇವಾಗಬಾರದು. ಟಿಪ್ಪುವಿನ ಕೋಟೆಯ ನೆರಳೂ ವೆಲ್ಲೆಸ್ಲಿಯ ನೇಣಿನ ನೆರಳೂ ಬಿದ್ದದ್ದು ಅದೇ ಅಂಗಳದ ಮೇಲೆ. ಅಂಗಳದಲ್ಲಿ ನಿಂತು ಬರೆದರೆ ಎರಡನ್ನೂ ಕಾಣಬಹುದು.

ನಮ್ಮ ನುಡಿಯಲ್ಲಿ ಇಂಥ ಕಣ್ಣು ಇರಲೇ ಇಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ಹಲಗಲಿಯ ಲಾವಣಿ ನೆನಪಿಸಬೇಕು. 1857ರ ಕೊನೆಗೆ ಆಯುಧ ಒಪ್ಪಿಸಬೇಕೆಂಬ ಕಾಯ್ದೆಗೆ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರು ಸುಟ್ಟಿತು. ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿ ಅಚ್ಚು ಹಾಕಿಸಿದ. ಹತ್ತನೇ ತರಗತಿಯಲ್ಲಿ ಓದಿದವರಿಗೆ ಅದು ಗೊತ್ತಿರುತ್ತದೆ. ಅದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ವೀರಾವೇಶಕ್ಕಿಂತ ಲೂಟಿಯ ಪಟ್ಟಿ. ಕೊಡಲಿಯಿಂದ ಹಿಡಿದು ಹಾಲು, ಬೆಣ್ಣೆ, ಅರಿಶಿನ, ಜೀರಿಗೆಯ ತನಕ ಅಡಿಗೆಮನೆಯಿಂದ ಏನೇನು ಹೋಯಿತು ಎಂದು ಕಲ್ಮೇಶ ಎಣಿಸುತ್ತಾನೆ. ಕಂಪನಿಯ ಕಡತದಲ್ಲಿ ಜೀರಿಗೆಗೆ ಜಾಗವಿಲ್ಲ. ಜೀರಿಗೆಯನ್ನು ಎಣಿಸಿದವನು ವರದಿಗಾರ. ಬಲಂಗೆ ಒಬ್ಬ ಕಲ್ಮೇಶ ಸಿಗಲಿಲ್ಲ, ಅಥವಾ ಹಾಡಿದ್ದರೂ ಯಾವ ಫ್ಲೀಟ್‌ನ ಕಿವಿಗೂ ಬೀಳದೆ ಹೋಯಿತು.

ಕನ್ನಡಕ್ಕೂ ಕಾಮಿಕ್ಸ್‌ಗೂ ಇರುವ ನಂಟು ಹೊಸದಲ್ಲ. ಅಮರ ಚಿತ್ರ ಕಥೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಕಾರ್ಕಳದವರು. ಅದಕ್ಕೂ ಮೊದಲು, 1965ರ ಸುಮಾರಿಗೆ, ಬೆಂಗಳೂರಿನಲ್ಲಿ ಐಬಿಎಚ್ ಪ್ರಕಾಶನದ ಕೆಲಸದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಪಾಶ್ಚಾತ್ಯ ಮಕ್ಕಳ ಕಥೆಗಳ ಹತ್ತು ಕಾಮಿಕ್ಸ್ ಕನ್ನಡದಲ್ಲಿ ಬಂದಿದ್ದವು. ಅಮರ ಚಿತ್ರ ಕಥೆಯ ಸರಣಿಯಲ್ಲಿ ‘ಕೃಷ್ಣ’ನಿಗೆ 11ನೇ ಸಂಖ್ಯೆ ಬಂದದ್ದು ಆ ಹತ್ತು ಕನ್ನಡ ಪುಸ್ತಕಗಳ ಲೆಕ್ಕದಿಂದ. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿ ಬರುತ್ತಿತ್ತು, ಬಾಲಮಂಗಳದ ಡಿಂಗನಿಗಾಗಿ ಕಾಯುತ್ತಿದ್ದ ಒಂದು ತಲೆಮಾರೇ ಇದೆ. ಆದರೆ ಅಮರ ಚಿತ್ರ ಕಥೆ ಕಲಿಸಿದ ಇತಿಹಾಸದಲ್ಲಿ ರಾಜ, ರಾಣಿ, ಋಷಿಗಳು ಚೌಕಟ್ಟಿನ ನಡುವೆ ಇರುತ್ತಾರೆ. ಹಿಂದೆ ಈಟಿ ಹಿಡಿದ ಗುಂಪಿಗೆ ಮುಖವೇ ಇರುವುದಿಲ್ಲ, ಒಂದೇ ಮೀಸೆಯನ್ನು ಹತ್ತು ಸಲ ಎಳೆದಿರುತ್ತಾರೆ. ಗಾಜಾದ ಗುಂಪಿನಲ್ಲಿ ಒಬ್ಬೊಬ್ಬನಿಗೂ ಬೇರೆ ಮೂಗು, ಬೇರೆ ಸುಕ್ಕು, ಬೇರೆ ಸ್ವೆಟರ್ ಕೊಟ್ಟು ಬರೆಯುವ ಸಾಕೊ ಅವರಿಂದ ನಮ್ಮ ಕಲಾವಿದರು ಕಲಿಯಬೇಕಾದದ್ದು ಈ ತಾಳ್ಮೆಯನ್ನು.

ದೇಶದೊಳಗೆ ಈ ಕೆಲಸ ಶುರುವಾಗಿ ಬಹಳ ದಿನವಾಯಿತು. ನರ್ಮದಾ ಅಣೆಕಟ್ಟಿನಿಂದ ಮುಳುಗುವ ಊರುಗಳ ಬಗ್ಗೆ ಓರಿಜಿತ್ ಸೇನ್ 1994ರಲ್ಲಿ ‘ರಿವರ್ ಆಫ್ ಸ್ಟೋರೀಸ್’ ತಂದರು. ಅಂಬೇಡ್ಕರ್ ಅವರ ಅನುಭವಗಳನ್ನು ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ತಮ್ಮದೇ ಶೈಲಿಯಲ್ಲಿ ‘ಭೀಮಾಯನ’ಕ್ಕೆ ಚಿತ್ರಿಸಿದರು. ಸೇನೆ, ಉಗ್ರರು, ತಪಾಸಣೆಗಳ ನಡುವೆ ಶ್ರೀನಗರದಲ್ಲಿ ಬೆಳೆದ ಹುಡುಗನ ಕಥೆಯನ್ನು ಮಲಿಕ್ ಸಜಾದ್ 2015ರ ‘ಮುನ್ನು’ವಿನಲ್ಲಿ ಹೇಳಿದರು, ಅಲ್ಲಿ ಕಾಶ್ಮೀರಿಗಳೆಲ್ಲ ಹಂಗುಲ್ ಜಿಂಕೆಯ ಮುಖದವರು. ಕನ್ನಡದ 1802ಕ್ಕೆ ಯಾವ ಶೈಲಿ ಒಗ್ಗುತ್ತದೋ ಅದನ್ನು ಬರೆಯುವ ಕೈಯೇ ಹುಡುಕಿಕೊಳ್ಳಬೇಕು. ನನ್ನನ್ನು ಕೇಳಿದರೆ ಶಾಯಿ, ಕಪ್ಪು ಬಿಳುಪು ಸಾಕು. ಹೆಂಚು ಬರುವುದಕ್ಕೆ ಮೊದಲಿನ ಹುಲ್ಲಿನ ಸೂರು, ಬಿದಿರುಮೆಳೆ, ಕೆಸರು ಗದ್ದೆಯ ಬದು, ಇವು ಗೀಟುಗಳಿಗೆ ಚೆನ್ನಾಗಿ ಒಲಿಯುತ್ತವೆ. ಇವತ್ತಿನ ಕಾಫಿ ತೋಟ, ಸಿಲ್ವರ್ ಓಕ್ ಸಾಲನ್ನು ನೋಡಿ 1802 ಅನ್ನು ಬರೆದರೆ ತಪ್ಪಾಗುತ್ತದೆ. ಕಾಫಿ ತೋಟಗಳು ಈ ಬೆಟ್ಟಗಳಲ್ಲಿ ಹರಡಿದ್ದು ಆಮೇಲೆ, 19ನೇ ಶತಮಾನದ ನಡುವಿನಿಂದ. ಆಗಿನ ನೆಲ ನೋಡಬೇಕೆಂದರೆ ಬಿಸಲೆಯ ಕಡೆ ಉಳಿದಿರುವ ಕಾಡಿಗೆ ಹೋಗಬೇಕು.

ಕೆಲಸ ಎಲ್ಲಿಂದ ಶುರು ಮಾಡಬಹುದು ಎಂಬುದಕ್ಕೂ ಕಷ್ಟವಿಲ್ಲ. ಗರ್ವುಡ್ ಸಂಪುಟಗಳು ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಪುಸ್ತಕಗಳು, ರೈಸ್ ಗೆಜೆಟಿಯರ್ ಕೂಡ ಹಾಗೆಯೇ. ಒಬ್ಬ ಬರಹಗಾರ, ಒಬ್ಬ ಚಿತ್ರಕಾರ, ಇತಿಹಾಸ ಬಲ್ಲ ಒಬ್ಬರು ಸೇರಿ 1800ರ ಏಪ್ರಿಲ್‌ನಿಂದ 1802ರ ಫೆಬ್ರುವರಿಯವರೆಗಿನ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿಕೊಳ್ಳಲಿ. ಆಮೇಲೆ ಐಗೂರು, ಹೆತ್ತೂರು, ಯಸಳೂರು, ಆಲೂರಿನ ಪಾಳ್ಯ, ಕೆ. ಹೊಸಕೋಟೆಯ ಕಡೆ ಊರೂರು ತಿರುಗಿ, ಸುಗ್ಗಿ ಹಬ್ಬದ ಹಾಡುಗಳಲ್ಲಿ, ಗುಡ್ಡ ಹಳ್ಳಗಳ ಹೆಸರುಗಳಲ್ಲಿ, ಊರ ಸುತ್ತ ಮುಚ್ಚಿಹೋಗಿರುವ ಕಂದಕಗಳಲ್ಲಿ ಏನು ಉಳಿದಿದೆ ಎಂದು ಪಟೇಲರ ಮನೆಯಲ್ಲೂ ಕೇಳಲಿ, ಕಾಲೋನಿಯಲ್ಲೂ ಕೇಳಲಿ. ದಾಖಲೆಯಲ್ಲಿ ಇದ್ದದ್ದನ್ನು ಒಂದು ಬಗೆಯ ಗೀಟಿನಲ್ಲಿ, ಕೇಳಿದ್ದನ್ನು ಇನ್ನೊಂದರಲ್ಲಿ, ಊಹಿಸಿದ್ದನ್ನು ಮೂರನೆಯದರಲ್ಲಿ ಬರೆದರೆ ಓದುಗರಿಗೆ ಮೋಸವಾಗುವುದಿಲ್ಲ. ದೊರೆಯ ಎರಡೂ ಹೆಸರುಗಳು ಒಂದೇ ಚೌಕಟ್ಟಿನಲ್ಲಿ ಇರಲಿ.

ವಾರಪತ್ರಿಕೆಗಳು, ದಿನಪತ್ರಿಕೆಗಳ ಪುರವಣಿಗಳು ವರ್ಷಕ್ಕೆ ಒಂದು ಸಲವಾದರೂ ಎಂಟು ಪುಟಗಳನ್ನು ಇಂಥ ಚಿತ್ರವರದಿಗೆ ಬಿಟ್ಟುಕೊಡಬೇಕು, ಸಂಭಾವನೆಯನ್ನು ಪುಟದ ಲೆಕ್ಕದಲ್ಲಿ ಕೊಡದೆ ತಿಂಗಳ ಲೆಕ್ಕದಲ್ಲಿ ಕೊಡಬೇಕು. ಒಂದೊಂದು ಪುಟಕ್ಕೂ ದಿನಗಟ್ಟಲೆ ಹಿಡಿಯುವ ಕೆಲಸ ಇದು, ಸಾಕೊ ಅವರ ಗಾಜಾ ಪುಸ್ತಕಕ್ಕೇ ಹಲವು ವರ್ಷ ಬೇಕಾಯಿತು. ಮೊದಲ ಕಂತಿಗೆ ಅರೆಕೆರೆಯ ಆ ಜನವರಿ 16ರ ಬೆಳಗ್ಗೆ ಒಂದೇ ಸಾಕು: ಮೂರು ದಿಕ್ಕಿನಿಂದ ಬರುವ ತಮಟೆಯ ಸದ್ದು ಕೇಳಿ ಕಣದಲ್ಲಿದ್ದವರು ಏನನ್ನು ಎತ್ತಿಕೊಂಡರು, ಏನನ್ನು ಬಿಟ್ಟರು, ಯಾರನ್ನು ಬಿಟ್ಟರು ಎಂಬುದಿಷ್ಟು.